ಹಿತ್ತಾಳೆ ಕಿವಿ

ಬರ್ನ್ಲಿಯ ಕಾಲುವೆ ದಡದಲ್ಲಿ, ಹಿಂದೆ
ನೇಯ್ಗೆ ಗಿರಣಿಯಾಗಿದ್ದ ಶೆಡ್ಡಿನ ಮೂಲೆಯಲ್ಲಿ
ಹಾರ್ಗ್ರೀವ್ಸ್ ಅವರ ಅಂಗಡಿ.
ಶನಿವಾರ ಹನ್ನೊಂದಕ್ಕೆ ನಮಗೆ ಅಪಾಯಿಂಟ್‌ಮೆಂಟು,
ಪ್ಲೇಯರಿನಿಂದ ಆಂಪ್ಲಿಫೈಯರಿಗೆ
ಅರ್ಧ ಮೀಟರ್ ತಂತಿ ಆರಿಸುವುದಕ್ಕೆ.
ನನ್ನನ್ನು ನೋಡಲು ಬಂದ ದಿನವೂ ಪ್ರಾಣೇಶ
ಇಷ್ಟು ಇಸ್ತ್ರಿ ಮಾಡಿದ ಅಂಗಿ ತೊಟ್ಟಿರಲಿಲ್ಲ.

ಕಪ್ಪು ಮಖಮಲ್ಲಿನ ಮೇಲೆ, ಅಕ್ಕಸಾಲಿಯ ಹಾಗೆ,
ಮೂರನ್ನು ಮಲಗಿಸಿದರು ಮುದುಕ.
ಒಂದು ಬರಿಯ ತಾಮ್ರ, ಹದಿನೆಂಟು ಪೌಂಡು.
ಒಂದು ತಾಮ್ರಕ್ಕೆ ಬೆಳ್ಳಿಯ ನೀರು ಕುಡಿಸಿದ್ದು, ತೊಂಬತ್ತು.
ಇನ್ನೊಂದು ಅಪ್ಪಟ ಬೆಳ್ಳಿ,
ಅದರ ಬೆಲೆಚೀಟಿ ಮಗುಚಿಟ್ಟಿತ್ತು.
ಮೂರರ ಮೈಮೇಲೂ ಒಂದೊಂದು ಬಾಣದ ಗುರುತು.
‘ಸದ್ದಿಗೂ ಒನ್‌ವೇ ರಸ್ತೆಯೇ?’ ಎಂದೆ.
ಮಡಿಯುಟ್ಟವರು ಮೈಲಿಗೆ ಬಟ್ಟೆಯನ್ನು ನೋಡುವ ಹಾಗೆ
ನೋಡಿದ ಪ್ರಾಣೇಶ.

ನಾನು ಆಸ್ಪತ್ರೆಯಲ್ಲಿ ಕಿವಿ ಅಳೆಯುವವಳು.
ಗಂಡನ ಕಿವಿಯ ನಕ್ಷೆ ತೆಗೆದದ್ದೂ ನಾನೇ, ಹೋದ ವರ್ಷ:
ಮೂರು ಸಾವಿರದವರೆಗೆ ನೆಟ್ಟಗೆ ಬಂದ ಗೆರೆ
ಆಮೇಲೆ ಪೆಂಡಲ್ ಗುಡ್ಡದ ಇಳಿಜಾರು.
ಬೆಳ್ಳಿ ತೋರಿಸುತ್ತದೆನ್ನುವ ಮಿನುಗೆಲ್ಲ
ಆ ಇಳಿಜಾರಿನ ಆಚೆ, ಮಂಜಿನಲ್ಲಿ.
ಹೇಳಲಿಲ್ಲ. ಐವತ್ತಾರರ ಗಂಡಸಿಗೆ
ಅಂಗಡಿಯಲ್ಲಿ ಹೇಳುವ ಮಾತೇ ಅದು?

‘ಕಣ್ಣು ಕಟ್ಟಿಕೊಂಡು ಕೇಳುತ್ತೇನೆ, ನೀನು ಬದಲಿಸು’ ಎಂದ.
ಕಣ್ಣಿಗೆ ನನ್ನ ಮಫ್ಲರು.
ಕಪಾಟಿನ ಹಿಂದೆ ಧೂಳಿನಲ್ಲಿ ಮಂಡಿಯೂರಿ
ಕೆಂಪಿಗೆ ಕೆಂಪು, ಬಿಳಿಗೆ ಬಿಳಿ.
ಒಂದೇ ಪಿಟೀಲು, ಅದೇ ತುಣುಕು, ಮತ್ತೆ ಮತ್ತೆ.
ತಾಮ್ರಕ್ಕೆ, ‘ಯಾಕೋ ಕಂಬಳಿ ಹೊದ್ದ ಹಾಗಿದೆ.’
ಬೆಳ್ಳಿನೀರಿಗೆ, ‘ಹೂಂ, ಕಂಬಳಿ ಸರಿಯಿತು.’
ಮೂರನೆಯ ಸಲಕ್ಕೆ ನನ್ನ ಸೊಂಟ ಹಿಡಿಯಿತು.
ಇದ್ದುದನ್ನೇ ಕಿತ್ತು, ಅಲ್ಲೇ ತುರುಕಿದೆ.
‘ಆಹಾ! ಕಮಾನಿನಿಂದ ರಾಳದ ಪುಡಿ ಉದುರುವುದೂ
ಕೇಳುತ್ತಿದೆ ಕಣೇ!’
ತಾಮ್ರವೂ ಅಲ್ಲ, ಬೆಳ್ಳಿಯೂ ಅಲ್ಲ ಮಹರಾಯ,
ನಿನ್ನದು ಹಿತ್ತಾಳೆ,
ಎಂದು ನಗು ನುಂಗಿ ತಲೆಯೆತ್ತಿದರೆ
ಹಾರ್ಗ್ರೀವ್ಸ್ ನೋಡುತ್ತಿದ್ದರು. ಎಲ್ಲ ನೋಡಿದ್ದರು.

ಚಹಾ ಕೊಡುವಾಗಲೇ ಹೇಳಿದ್ದರು,
ಅವರ ತಾಯಿ ಇದೇ ಶೆಡ್ಡಿನಲ್ಲಿ ಆರು ಮಗ್ಗ ನೋಡಿಕೊಂಡವಳು.
ಆ ಅಬ್ಬರದಲ್ಲಿ ಹೆಂಗಸರು
ಬರೀ ತುಟಿಯಲ್ಲಿ ಮಾತಾಡುತ್ತಿದ್ದರಂತೆ.
ಬಸುರು, ಬಾಡಿಗೆ ಬಾಕಿ, ಯಾರದೋ ಗಂಡನ ಸುದ್ದಿ
ಈ ಗೋಡೆಯಿಂದ ಆ ಗೋಡೆಗೆ ದಾಟುತ್ತಿತ್ತು,
ತಂತಿ ಇಲ್ಲ, ಸದ್ದೂ ಇಲ್ಲ.
ನಲವತ್ತಕ್ಕೆಲ್ಲ ಅವಳಿಗೆ ಗುಬ್ಬಚ್ಚಿ ಕೇಳುವುದು ನಿಂತಿತ್ತು.

ಅವಳ ಮಗ ಈಗ ತುಟಿಯಾಡಿಸಿದರು, ನಿಧಾನವಾಗಿ:
ನಾನು ಹೇಳುವುದಿಲ್ಲ.
ನಾನೂ ತುಟಿಯಲ್ಲೇ: ತೊಂಬತ್ತರದ್ದೇ ಸಾಕು.
ನಡುವೆ ನನ್ನ ಮಫ್ಲರು ಕಟ್ಟಿಕೊಂಡವನು
ಮುಂದಿನ ಸ್ವರಕ್ಕೆ ಕಾಯುತ್ತಿದ್ದ.

ವ್ಯಾಪಾರ ಅಲ್ಲಿಗೇ ಮುಗಿಯಿತು. ಮಗುಚಿದ ಚೀಟಿ
ಮಗುಚಿಕೊಂಡೇ ಉಳಿಯಿತು.
ಮನೆಗೆ ಬರುವ ದಾರಿಯುದ್ದಕ್ಕೂ ಪೊಟ್ಟಣ
ಅವನ ತೊಡೆಯ ಮೇಲೆ, ಕೂಸಿನಂತೆ.

ಒಂದು ಮಾತು ಮಾತ್ರ ಅವನಿಗೂ ಹೇಳಿಲ್ಲ.
ಎರಡನೆಯ ಸಲ, ನಿಜಕ್ಕೂ ಬದಲಿಸಿದಾಗ,
ಧೂಳಿನಲ್ಲಿ ಕೂತ ನನಗೂ ಏನೋ ಕೇಳಿತು.
ಸ್ವರವಲ್ಲ. ಕಮಾನು ತಂತಿ ಮುಟ್ಟುವ ಮೊದಲು
ಯಾರೋ ಉಸಿರೆಳೆದುಕೊಂಡ ಹಾಗೆ.
ಮೊದಲ ಸಲವೂ ಇತ್ತೇ? ನೆನಪಿಲ್ಲ.
ತಿರುಗಿ ಹೋಗಿ ಕೇಳಲು ಧೈರ್ಯವಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಕೆಲವರು
ನಾನು ಸದ್ದು ಬಿಡದಿದ್ದರೂ ಗುಂಡಿ ಒತ್ತುತ್ತಾರೆ.
ಗಾಜಿನ ಈಚೆ ಕೂತು ಅದನ್ನು ಲೆಕ್ಕಕ್ಕೆ ಹಿಡಿಯದೆ
ಮುಂದಕ್ಕೆ ಹೋಗುತ್ತೇನೆ. ರೂಢಿ ಅದು.
ಸೋಮವಾರ ಒಬ್ಬಾಕೆ ಒತ್ತಿದರು, ಎಂಬತ್ತರ ಮೇಲಿನವರು,
ಕೆಲಸ ಬಿಟ್ಟು ಒಳಗೆ ಹೋಗಿ ಕೇಳಿದೆ,
ಏನು ಕೇಳಿಸಿತು?
ಹೆಡ್‌ಫೋನು ಸರಿಸಿ ಅವರು ಸ್ವಲ್ಪ ಯೋಚಿಸಿದರು.
‘ಇನ್ನೇನು ಬರುವುದರಲ್ಲಿತ್ತು’ ಎಂದರು.