ಮೂವತ್ತೆಂಟು ಮಿಲಿಮೀಟರ್

ಕೋಡಿಬಾಗದಲ್ಲಿ ಐಸ್ ಫ್ಯಾಕ್ಟರಿಯ ಗೋಡೆ ಬದಿಗೆ
ನನ್ನ ಫಿಯೆಟ್ಟು ನಾಲ್ಕು ಕಲ್ಲುಗಳ ಮೇಲೆ ನಿಂತಿದೆ
ಹಳ್ಳ ದಾಟಲು ಸೀರೆ ಎತ್ತಿ ಕಟ್ಟಿದವಳ ಹಾಗೆ.
ಎಪ್ಪತ್ತನಾಲ್ಕರ ಮಾಡೆಲ್ಲು. ಬಿಳಿ ಕೆರೆದಲ್ಲಿ ಕಪ್ಪು,
ಕಪ್ಪು ಕೆರೆದಲ್ಲಿ ಹಳದಿ; ಯಾವ ಊರಿನ ಟ್ಯಾಕ್ಸಿಯೋ, ಬಾಯಿ ಬಿಡುವುದಿಲ್ಲ.
ಮಡಗಾಂವಿನ ಗುಜರಿಯಿಂದ ತಂದೆ
ಹದಿನೈದಿಂಚಿನ ಅಲಾಯ್ ರಿಮ್ಮು, ಆರಿಂಚು ಅಗಲ,
ನಾಲ್ಕೂ ಸೇರಿ ಮೂರು ತಿಂಗಳ ಬ್ಲೌಸು.

ಇನಾಸ್ ರೆಬೆಲ್ಲೊ ಒಂದನ್ನು ತಿರುವಿ ಬೆನ್ನು ನೋಡಿದ,
ಉಗುರಲ್ಲಿ ಗ್ರೀಸು ಕೆರೆದು ಓದಿದ: ಮೂವತ್ತೈದು.
"ಚಂದ ಇದೆ ಬಾಯ್. ಆದರೆ ಇದು ಒಳಗೆ ನುಗ್ಗುವ ಜಾತಿ.
ನಿಮ್ಮ ಹಳೆಯದು ಇಪ್ಪತ್ತೈದು. ಮೇಲೆ ಈ ಅಗಲ ಬೇರೆ."

ಬೋಲ್ಟು ಕೂರುವ ಮುಖ, ರಿಮ್ಮಿನ ನಡುಗೆರೆ,
ಎರಡರ ನಡುವಿನ ದೂರಕ್ಕೆ ಆಫ್‌ಸೆಟ್ ಎಂದು ಹೆಸರು.
ಮುಖ ಹೊರಗೆ ಸರಿದಷ್ಟೂ ಚಕ್ರ ಒಳಗೆ ಸರಿಯುತ್ತದೆ.
(ನನಗೆ ಉಲ್ಟಾ ಕೇಳಿಸಿತು; ಎರಡು ಸಲ ಹೇಳಿಸಿದೆ.)

ನಾನು ಟೇಲರ್. ಇಪ್ಪತ್ತೆರಡು ವರ್ಷ ಗ್ರೀನ್ ಸ್ಟ್ರೀಟಿನಲ್ಲಿ
ಕಂಕುಳಲ್ಲಿ ಬಿಟ್ಟ ಮಾರ್ಜಿನ್ನಿನ ಮೇಲೆ ಬದುಕಿದವಳು.
ಹೆಚ್ಚಾದದ್ದು ಎಲ್ಲೋ ಒಂದು ಕಡೆ ಕೂರಲೇಬೇಕು.
ನಾಲ್ಕೂವರೆ ಇಂಚು ಆರಾದರೆ
ಮೂವತ್ತೆಂಟು ಮಿಲಿಮೀಟರ್,
ಒಳಗೆ ಮಡಚುವುದೋ, ಹೊರಗೆ ಬಿಡುವುದೋ.

ಒಳಗೆ ತುಂಬಿದರೆ ಬ್ರೇಕಿನ ಪೈಪು, ಹಿಂದೆ ಪಟ್ಟಿ ಸ್ಪ್ರಿಂಗು.
ಹೊರಗೆ ಬಿಟ್ಟರೆ ಮಡ್‌ಗಾರ್ಡಿನ ತುಟಿ ಟಯರು ಕಚ್ಚುತ್ತದೆ,
ಬೇರಿಂಗಿಗೆ ಭಾರ, ಸ್ಟೇರಿಂಗು ಹಿಡಿದ ಕೈಗೆ ಸಂಜೆ ನೋವೆಣ್ಣೆ.
"ಹೊರಗೇ ಇರಲಿ ಅಕ್ಕಾ, ನೋಡುವವರು ನೋಡಲಿ"
ಎಂದ ಸ್ಪ್ಯಾನರ್ ಕೊಡುವ ಹುಡುಗ ಮಕ್ಬೂಲ.
ಡೀಪ್‌ನೆಕ್ ಕೇಳುವ ಮದುಮಗಳ ದನಿ.
ನಾನು ಉತ್ತರಿಸಲಿಲ್ಲ. ಆಸೆ ನನಗೂ ಇತ್ತು.

ತೂಗುಗುಂಡು ಬೇಕಿತ್ತು. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ
ದುರ್ಗಪ್ಪ ಹರಿಕಂತ್ರ ಸೀಸದ ಗುಂಡೊಂದನ್ನು ಬಿಚ್ಚಿಕೊಟ್ಟ,
"ವಾಪಸು ಬೇಕು" ಅಂದ. ಮತ್ತೆ ಅಂದ.
ನಾನು ಕೊರಳಿನ ಟೇಪು ತೆಗೆದೆ.
ಇನಾಸ್ ನಕ್ಕ: "ಮೊದಲಿಂಚು ಸವೆದ ಟೇಪಿನಲ್ಲಿ
ಸೊಂಟ ಅಳೆಯಿರಿ ಬಾಯ್, ಕಾರು ಬೇಡ."

ಒಳಗೆ ಹನ್ನೆರಡು, ಹೊರಗೆ ಇಪ್ಪತ್ತಾರು.
ಅಂದರೆ ಹದಿನೆಂಟರ ಆಫ್‌ಸೆಟ್; ಅಂದರೆ ಹದಿನೇಳು ದಪ್ಪದ ಬಳೆ.
ಬೈತಖೋಲಿನಲ್ಲಿ ಟ್ರಾಲರಿನ ಶಾಫ್ಟಿಗೆ ಬುಶ್ ಮಾಡುವ
ವಿಠೋಬ ತಾಂಡೇಲ ಲೇತಿನಲ್ಲಿ ಕಡೆದುಕೊಟ್ಟ, ನಾಲ್ಕು,
ಹಬ್ಬಿನ ಮೇಲೆ ಕೂತರೆ ಕೂದಲೂ ನುಸುಳದ ಹಾಗೆ.
ಬೋಲ್ಟೂ ಅಷ್ಟೇ ಉದ್ದವಾಗಬೇಕು.
"ಇದರಲ್ಲಿ ಜಿಪುಣತನ ಮಾಡಿದವನ ಚಕ್ರ
ಅವನಿಗಿಂತ ಮೊದಲು ಅಂಕೋಲೆ ಮುಟ್ಟುತ್ತದೆ."

ಖಾಲಿ ಕಾರು ಎಲ್ಲೂ ತಾಗಲಿಲ್ಲ.
ಅಂಗಡಿಯ ಬೊಂಬೆಗೆ ಯಾವ ಬ್ಲೌಸೂ ಬಿಗಿಯಲ್ಲ.

ಮಡ್‌ಗಾರ್ಡಿನ ಅಂಚಿಗೆ ಕಾಳಿ ದಂಡೆಯ ಜೇಡಿ ಮೆತ್ತಿ
ಇನಾಸ್ ರಸ್ತೆಗಿಳಿದು ಕೈ ಅಡ್ಡ ಹಿಡಿದ:
ಮೀನು ಮಾರ್ಕೆಟ್ಟಿಗೆ ಹೊರಟ ಮೂವರು, ಬುಟ್ಟಿ ಸಮೇತ, ಹಿಂದಿನ ಸೀಟಿಗೆ.
"ಬಾಡಿಗೆ ಬೇಡ, ತೂಕ ಸಾಕು."
"ಬಂಗಡೆಯ ತೂಕ ಕೇಳು, ಹೇಳುತ್ತೇನೆ" ಎಂದಳು ಶೇವಂತಿ,
"ನನ್ನದು ಕೇಳಿದರೆ ಇಳಿಯುತ್ತೇನೆ."
ಸೇತುವೆ ದಾಟಿ, ಸದಾಶಿವಗಡದ ಬುಡ ಸುತ್ತಿ, ಹಂಪು ಹಾರಿಸಿದೆವು.
ಮಾರ್ಕೆಟ್ಟು ಈ ಕಡೆ ಅಲ್ಲವೋ ಎಂದು
ಮೂವರೂ ದಾರಿಯುದ್ದಕ್ಕೂ ಕೂಗುತ್ತಿದ್ದರು.

ಎಡಗಡೆ ಹಿಂದಿನ ಜೇಡಿಯಲ್ಲಿ ಒಂದು ಗೀರು,
ಸೂಜಿ ಜಾರಿದಾಗ ರೇಷ್ಮೆಯ ಮೇಲೆ ಬೀಳುವಂಥದ್ದು.
ಮೂರು ಮಿಲಿಮೀಟರ್ ತೆಗೆಸಿದೆವು.
ಈಗ ಒಳಗೆ ಒಂದು ಬೆಂಕಿಕಡ್ಡಿ ದಪ್ಪದ ಜಾಗ. ಇರಲಿ, ತಾಗುವುದಿಲ್ಲ.
ಮಕ್ಬೂಲ ಬದಿಯಿಂದ ನೋಡಿ, ಹಿಂದಿನಿಂದ ನೋಡಿ,
"ಏನೂ ಗೊತ್ತೇ ಆಗುವುದಿಲ್ಲವಲ್ಲ" ಎಂದು ಮುಖ ಸಣ್ಣ ಮಾಡಿದ.

ಸೀಟಿನಲ್ಲಿ ಬಂಗಡೆ ವಾಸನೆ ಇನ್ನೂ ಇದೆ.
ಗೀರು ಬಿದ್ದ ಜೇಡಿಯ ತುಂಡು ಮಷೀನಿನ ಡ್ರಾಯರಿನಲ್ಲಿ
ಗುಂಡಿಗಳ ಜೊತೆ ಒಣಗಿದೆ.
ಸಂಜೆಗೇ ಬಂದ ದುರ್ಗಪ್ಪ ಸೀಸದ ಗುಂಡು ಇಸಿದುಕೊಂಡು
ಗ್ರೀಸು ಒರೆಸಿದ, ಮೂಸಿ ನೋಡಿದ, ಬಲೆಗೆ ಕಟ್ಟಿದ.
ನಸುಕಿನಲ್ಲಿ ಅದು ನೀರಿಗಿಳಿಯಿತು
ಏನನ್ನೂ ಅಳೆಯದೆ.