ಅರ್ಧ ಟಿಕೀಟಿನ ಗೆರಿ

ದುರ್ಗದಬೈಲಿನ್ಯಾಗ, ಬಳಿ ಅಂಗಡಿಗೂ ಮಿರ್ಚಿ ಬಂಡಿಗೂ ನಡಕ
ನಂದೊಂದು ಮೂರು ಫೂಟಿನ ಅಂಗಡಿ.
ಎದಿ ಸೀಳಿದ ಫೋನು ಮುಂದಿಟಗೊಂಡು
ಕಣ್ಣಿಗೆ ಭೂತಗನ್ನಡಿ ಏರಿಸಿ ಕುಂತಿರ್ತೀನಿ.

ದಿನಾ ಬರ್ತಾವ.
ಅಪ್ಪ ಗ್ವಾಡಿಗೆ ಒಗದದ್ದು,
ಅವ್ವ ಬಕೀಟಿನ್ಯಾಗ ಮುಳುಗಿಸಿದ್ದು,
ಹಾಸಿಗಿ ಬುಡಕ ಚಾರ್ಜಿಗಿಟ್ಟು ಸುಟ್ಟದ್ದು.
ಮೊನ್ನೆ ಒಬ್ಬ ಹುಡುಗ, ಇನ್ನೂ ಮೀಸಿ ನೆರಳಿಲ್ಲ,
"ಅಂಕಲ್, ಲಾಕ್ ತಗೀಬ್ಯಾಡ್ರಿ, ಬರೇ ಗ್ಲಾಸ್ ಹಾಕ್ರಿ" ಅಂದ.
ಹಾಕಿದೆ. ಒಳಗಿಂದು ಕೇಳಲಿಲ್ಲ.
ಕೇಳೋದು ನನ್ನ ಧಂದೆ ಅಲ್ಲ.

ಮನ್ಯಾಗ ಕೇಳಾಕಿ ಬ್ಯಾರೆ ಅದಾಳ.
ಶ್ರಾವಣಿ. ಏಳನೇ ಇಯತ್ತೆ.
"ಊರ ಮಂದಿ ಫೋನು ರಿಪೇರಿ ಮಾಡ್ತಿ,
ನನಗ ಯಾಕೊಂದಿಲ್ಲ?"
"ದೊಡ್ಡಾಕಿ ಆಗು" ಅಂದೆ.
"ಎಷ್ಟು ದೊಡ್ಡಾಕಿ?"
ಕೈಯಾಗಿನ ರೊಟ್ಟಿ ಕೈಯಾಗ ಉಳೀತು.

ಕಸ್ತೂರಿ ಅಂತಾಳ, ಹತ್ತನೇದು ಮುಗೀಲಿ.
ನಮ್ಮಣ್ಣ ಅಂತಾನ, ಲಗ್ನ ಆದಮ್ಯಾಲೆ ಗಂಡ ಕೊಡಸ್ತಾನ ಬಿಡೊ.
ಅವನ ಮಗಗ ಎಂಟಕ್ಕ ಕೊಡಿಸ್ಯಾನ.
ಒಡದ ಪರದೆ ಎರಡು ಸಲ ನಾನಽ ಹಾಕೀನಿ.

ನಾ ಸಣ್ಣಾಂವಿದ್ದಾಗ ಧಾರವಾಡದ ಬಸ್ಸಿನ ಬಾಗಲದಾಗ
ಒಂದು ಕೆಂಪು ಗೆರಿ ಇತ್ತು.
ತಲಿ ಗೆರಿ ಮುಟ್ಟಿದರ ಪೂರಾ ಟಿಕೀಟು.
ಅವ್ವ ಹೆಗಲ ಒತ್ತಿ ಪಿಸುಗುಡತಿದ್ಲು,
"ಮೊಣಕಾಲ ಮಡಚಿ ನಿಂದ್ರು."
ಎರಡು ವರ್ಷ ಅರ್ಧ ಟಿಕೀಟಿನೊಳಗ
ಕುಗ್ಗಿ ಕುಗ್ಗಿ ಬೆಳದೆ.
ಒಂದಿನ ಮರತು ನೆಟ್ಟಗ ನಿಂತುಬಿಟ್ಟೆ.
ಕಂಡಕ್ಟರ್ ನೋಡಿದ, ಅವ್ವ ನೋಡಿದ್ಲು,
ಸೆರಗಿನ ಗಂಟು ಬಿಚ್ಚಿ ಚಿಲ್ಲರ ಎಣಿಸಿ ಕೊಟ್ಲು.
ಬೈಲಿಲ್ಲ.
ಆವತ್ತು ಕಿಡಕಿ ಬಾಜೂಕಿನ ಜಾಗಾ ನನಗ ಬಿಟ್ಲು.

ಚಿಗರಿ ಬಸ್ಸಿನ ಬಾಗಲಾ ಈಗ ತಾವಽ ತೆರೀತಾವ,
ಗೆರಿ ಎಲ್ಲಿ ಹುಡಕಲಿ?
ನನ್ನ ಮಗಳಂತೂ
ತುದಿಬೆರಳಿನ ಮ್ಯಾಲೆ ನಿಂತಾಳ.

ಹ್ವಾದ ವಾರ ನನ್ನ ಫೋನಽ ಸತ್ತಿತು.
ನಗಬ್ಯಾಡ್ರಿ, ಡಾಕ್ಟರಿಗೂ ಜ್ವರ ಬರ್ತಾವ.
ತಡ ಆಗತೈತಿ ಅಂತ ಮನಿಗೆ ಹೇಳಬೇಕಿತ್ತು.
ಬಳಿ ಅಂಗಡಿ ದಾದಾಪೀರ ತನ್ನ ಫೋನು ಚಾಚಿದ,
"ನಂಬರ ಹೇಳ್ರಿ."
ಒಂಬತ್ತು... ನಾಕು...
ಹದಿನಾಕು ವರ್ಷ ಬಾಳೇವು ಮಾಡಿದಾಕಿ,
ಮೂರನೇ ಅಂಕಿ ಬರವಲ್ದು.
ಮುಂದ ಹನ್ನೊಂದು ಫೋನು ಅಂಗಾತ ಬಿದ್ದಿದ್ದವು,
ಒಂದಕ್ಕೂ ಗೊತ್ತಿಲ್ಲ.

ಟ್ಯೂಶನ್ ಮುಗಿಸಿ ಬಂದ ಶ್ರಾವಣಿ
ಉಸರ ಬಿಡದಽ ಹೇಳಿದ್ಲು.
ಅವ್ವನ್ದು, ನಂದು, ಸಾಲಿದು,
ಅಣ್ಣಿಗೇರಿ ಅತ್ತೀದು, ರಿಕ್ಷಾದ ಹನಮಂತಪ್ಪಂದು,
ನಾಕು ವರ್ಷದ ಹಿಂದ ನಾ ಬಿಟ್ಟ ಹಳೇ ನಂಬರೂ.
"ಇಷ್ಟ್ಯಾಕ ಬಾಯಿಪಾಠ ಮಾಡೀಯವ್ವಾ?"
"ನನ್ನ ಹಂತೇಕ ಫೋನ್ ಇಲ್ಲಲ್ಲ"
ಅಂದು ಮಿರ್ಚಿ ಕೇಳಿದ್ಲು.

ಡ್ರಾದಾಗ ಒಂದು ಐತಿ.
ರಿಪೇರಿಗೆ ಕೊಟ್ಟವರು ಮೂರು ವರ್ಷ ಆತು, ಬಂದಿಲ್ಲ.
ತಿಂಗಳಿಗೊಮ್ಮೆ ಚಾರ್ಜಿಗಿಡತೀನಿ,
ಸುಮ್ಮನ ಇಟ್ಟರ ಬ್ಯಾಟರಿ ಹೊಟ್ಟಿ ಉಬ್ಬಿಸತೈತಿ.
ನಿನ್ನೆ ರಾತ್ರಿ ಹೊಸಾ ಗ್ಲಾಸ್ ಹಾಕಿದೆ, ಒರಸಿದೆ,
ಹಚ್ಚಿ ನೋಡಿದೆ.
ಹೆಸರಿನ ಪಟ್ಟಿ ಖಾಲಿ.
ಹಂಗಽ ಆರಿಸಿ ಒಳಗ ಇಟ್ಟೆ.

ಕೊಡಬಹುದು. ದೀಪಾವಳಿಗೆ ಕೊಡಬಹುದು,
ಇಲ್ಲಾ ನಾಳೆನಽ.
ಬೆಳಿಗ್ಗೆ ಶಟರ್ ಏರಸೂಮುಂದ
ನಾನೂ ಒಂದು ನಂಬರ ಬಾಯಿಪಾಠ ಮಾಡಾಕತ್ತೀನಿ,
ನನ್ನ ಹೇಣ್ತೀದು.
ಏಳನೇ ಅಂಕಿಗೆ ಬಂದು
ದಿನಾ ತಪ್ಪತೈತಿ.