ಅಳತಿ ವಹಿ

ವಹಿಯ ಬಣ್ಣ ಕೆಂಪು. ಅದನ್ನೂ ಬರೆದಿದ್ದೆ ವರದಿಯಲ್ಲಿ,
ಬಣ್ಣವೂ ಒಂದು ಸಾಕ್ಷಿ ಎಂಬಂತೆ.
ಕ್ಯಾಂಪಿನ ಹೈಸ್ಟ್ರೀಟಿನಲ್ಲಿ ವಿಷ್ಣುಪಂತ ಖಟಾವಕರನ ಅಂಗಡಿ:
ಎರಡು ಮಷೀನು, ಒಂದು ಇಸ್ತ್ರಿ, ಗೋಡೆಗೆ ವಿಠೋಬ.
ಎಪ್ಪತ್ತೊಂದರ ನವೆಂಬರು. ಬೆಳಗಾವಿಯ ಕಿಟಕಿಗಳಿಗೆಲ್ಲ
ಕಪ್ಪು ಕಾಗದ ಹಚ್ಚುವ ದಿನಗಳು.

ತೆರೆದರೆ ಹೆಸರು, ಎದುರಿಗೆ ಅಂಕಿ,
ಕೊಕ್ಕೆಗೆ ಕೊಕ್ಕೆ ಸಿಕ್ಕಿಕೊಂಡ ಅಕ್ಷರ.
ನನಗೆ ಓದಲು ಬರಲಿಲ್ಲ.
ಓದಲು ಬರದ್ದು ಗುಪ್ತಲಿಪಿಯೇ ಇರಬೇಕು.
ನಲವತ್ತು ಉಣ್ಣೆ ಕೋಟು, ಶುಕ್ರವಾರದೊಳಗೆ:
ಹಾಗಾದರೆ ಯಾವ ತುಕಡಿ ಬಡಗಲಿಗೆ ಹೊರಟಿದೆ
ನನಗಿಂತ ಮೊದಲು ದರ್ಜಿಗೆ ಗೊತ್ತು.
ಗೊತ್ತಿತ್ತು, ಹೌದು. ಗೊತ್ತಿರುವುದು ಅವನ ಕಸುಬು.

"ಸಂಶಯಕ್ಕೆ ಆಸ್ಪದವಿದೆ." ನಾನು ಬರೆದದ್ದು ಇಷ್ಟೇ,
ಕೆಳಗೆ ಸಹಿ, ಮೇಜರ್ ಆರ್. ಎಸ್. ಹುಕ್ಕೇರಿ.
ಆ ಸಾಲು ಬ್ರಿಗೇಡ್ ಕಚೇರಿ ದಾಟುವಾಗ ಸಂಶಯ ಕಳಚಿಬಿತ್ತು,
ಪೊಲೀಸರ ಕೈಗೆ ಬಂದಾಗ ಆಸ್ಪದವೂ ಇರಲಿಲ್ಲ.
ಹಿಂಡಲಗಾ ಜೇಲು ನಮ್ಮ ಮೆಸ್ಸಿನಿಂದ ಮೂರೇ ಮೈಲಿ.

ಹದಿಮೂರನೆಯ ದಿನ ಶಹಾಪುರದ ಮುದುಕ ಮಾಸ್ತರರೊಬ್ಬರು
ಕನ್ನಡಕ ಒರೆಸಿಕೊಂಡು, "ಇದು ಮೋಡಿ ಲಿಪಿ ಸಾಹೇಬ್ರ,
ನಮ್ಮಪ್ಪನೂ ಹಿಂಗ ಲೆಕ್ಕ ಬರೀತಿದ್ದ," ಎಂದು
ನಗುತ್ತ ಓದತೊಡಗಿದರು: ಹವಾಲ್ದಾರ ಶಿಂದೆ,
ಎದೆ ಮೂವತ್ತೆಂಟು, ಸೊಂಟ ಮೂವತ್ತೆರಡು, ಗುಂಡಿ ಬಾಕಿ,
ನಾಯಕ ಭೋಸಲೆ, ಕಾಲರು ಬಿಗಿ...
ಆಮೇಲೆ ನಗು ನಿಂತು, ಸಣ್ಣ ದನಿಯಲ್ಲಿ:
"ಮೇಜರ್ ಹುಕ್ಕೇರಿ. ಬಲಭುಜ ಅರ್ಧ ಇಂಚು ಇಳಿಜಾರು.
ಒಳಗೆ ಹತ್ತಿ ಇಡು. ಯಾರಿಗೂ ತಿಳಿಯಬಾರದು."

ವಹಿಯೊಳಗಿದ್ದ ಗುಟ್ಟು ಅದೊಂದೇ.

ಆ ರಾತ್ರಿ ಇನ್ನೊಂದು ಕಾಗದ ಬರೆಯಬಹುದಿತ್ತು. ಬರೆಯಲು ಕೂತೆ ಕೂಡ.
ಬಡ್ತಿಯ ಫೈಲು ಮೇಲೆ ಹೋಗಿತ್ತು ಆ ವಾರವೇ;
ತಪ್ಪು ಓದಿದೆನೆನ್ನುವ ಅಧಿಕಾರಿಗೆ ಬೆಟಾಲಿಯನ್ ಯಾರು ಕೊಡುತ್ತಾರೆ?
ಪೆನ್ನಿನಲ್ಲಿ ಶಾಯಿ ಇತ್ತು. ಅದನ್ನೂ ಹೇಳಿಬಿಡುತ್ತೇನೆ.
ಮಾಸ್ತರರಿಗೆ ಮಾತ್ರ ಸಂಜೆಯೇ ಚಹಾ ಕುಡಿಸಿ
ಟಾಂಗಾ ಹತ್ತಿಸಿ ಕಳಿಸಿದ್ದೆ.

ಹನ್ನೊಂದು ತಿಂಗಳು. ಮಷೀನು ಮಾರಿದವಳು ಅವನ ಹೆಂಡತಿ,
ಒಂದನ್ನು ಕೊಂಡದ್ದು ನಮ್ಮದೇ ರೆಜಿಮೆಂಟು.

ಕರ್ನಲ್ ಆಗಿ ನಿವೃತ್ತನಾದ ವರ್ಷ ಖಡೇಬಜಾರಿನಲ್ಲಿ ಎದುರಾದ,
ಹೆಗಲ ಮೇಲೆ ದಿಂಬಿನ ಕವರುಗಳ ಗಂಟು.
ನಾನು ನಿಂತೆ. ಅಂವ ನಿಲ್ಲಲಿಲ್ಲ.
ದಾಟುವಾಗ ಮಾತ್ರ ಆ ಕಣ್ಣು, ಕಸುಬಿನ ಕಣ್ಣು,
ನನ್ನ ಮುಖ ಬಿಟ್ಟು ಬಲಭುಜಕ್ಕೆ ಬಂದು
ಅರೆಗಳಿಗೆ ತಡೆಯಿತು.

ಬುಶ್ ಶರ್ಟು ತೊಟ್ಟಿದ್ದೆ ಅವತ್ತು. ಒಳಗೆ ಹತ್ತಿ ಇರಲಿಲ್ಲ.